ಸೆನ್ಸರ್ ಯಾರ ರೂಮಿಗೆ?

ಸ್ನೇಹಿತರೇ, ಇಂದು ಮಧ್ಯಾಹ್ನ ನಮ್ಮ ಓಕ್‌ವಿಲ್ ಮನೆಗೆ ಹೊಸ ಥರ್ಮೋಸ್ಟ್ಯಾಟ್ ಕೂರಿಸಲು ಬಂದವನು ಒಂದು ಪುಟ್ಟ ಸೆನ್ಸರ್ ಹಿಡಿದುಕೊಂಡು, ಇದನ್ನು ಯಾರ ರೂಮಿನಲ್ಲಿ ಇಡಲಿ ಎಂದು ಕೇಳಿದ. ಅದು ಎಲ್ಲಿರುತ್ತದೋ ಆ ರೂಮಿಗೆ ಹಿತವಾಗುವಷ್ಟೇ ಇಡೀ ಮನೆಗೆ ಹೀಟು ಬರುತ್ತದಂತೆ.

ನನ್ನ ಗಂಡ ಯೋಚಿಸಲೇ ಇಲ್ಲ. "ಅವ್ವನ ರೂಮಿನ್ಯಾಗ," ಎಂದ. ಧಾರವಾಡದಿಂದ ಬಂದಿರುವ ಅತ್ತೆಗೆ ಎಪ್ಪತ್ತು ದಾಟಿದೆ, ಹಿಮ ಬೀಳುವ ಈ ದೇಶದಲ್ಲಿ ಇದು ಅವರ ಮೊದಲ ಚಳಿಗಾಲ. ನನಗೋ, ಮುಟ್ಟು ನಿಲ್ಲುವ ಕಾಲ. ರಾತ್ರಿ ಮೈ ಹೊತ್ತಿಕೊಂಡಂತಾಗಿ ಎದ್ದು ಕಿಟಕಿ ತೆರೆದು ನಿಲ್ಲುತ್ತೇನೆ. ಅದನ್ನು ಯಾರಿಗೂ ಬಿಡಿಸಿ ಹೇಳಿರಲಿಲ್ಲ.

ಅತ್ತೆ ಶಾಲು ಹೊದ್ದು ಹೊರಬಂದರು. "ನನ್ನ ರೂಮಿನ್ಯಾಗ ಬ್ಯಾಡ. ನಿಮ್ಮ ರೂಮಿನ್ಯಾಗ ಇಡಸು."

"ನಿನಗ ಥಂಡಿ ಆಗತದಲ್ಲ ಅವ್ವಾ?"

"ನಾ ಇನ್ನೊಂದು ರಗ್ಗು ಹೊತಗೊಂಡ್ರ ಆತು. ಆಕಿ ಏನು ಚರ್ಮಾ ಸುಲದು ಇಡಬೇಕೇನು?" ಆಮೇಲೆ ನನ್ನ ಕಡೆ ನೋಡದೆ ಮೆಲ್ಲಗೆ ಹೇಳಿದರು: "ರಾತ್ರಿ ಕಿಟಕಿ ತಗಿಯೂದು ನನಗ ಕೇಳಸ್ತದ. ನನಗೂ ಹಿಂಗ ಆಗಿತ್ತು. ಮನ್ಯಾಗ ಒಬ್ಬರೂ ಏನಂತ ಕೇಳಲಿಲ್ಲ."

ಗಂಡ ನನ್ನ ಮುಖ ನೋಡಿದ. ಸೆನ್ಸರ್ ನಮ್ಮ ರೂಮಿಗೆ ಬಂತು. ನಾನು ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡೆ.

ಈಗ ಸಂಜೆ. ಅತ್ತೆ ಎರಡು ಸ್ವೆಟರ್ ಹಾಕಿಕೊಂಡು, ಚಳಿಯೇ ಇಲ್ಲವೆಂಬಂತೆ ಟೀವಿ ಮುಂದೆ ಕೂತಿದ್ದಾರೆ. ನೋಡಲಾಗದೆ ಫೋನಿನಿಂದಲೇ ಮನೆಯ ಹೀಟನ್ನು ಎರಡು ಡಿಗ್ರಿ ಏರಿಸಿ, ಬೆವರು ಒರೆಸಿಕೊಳ್ಳುತ್ತ ಇದನ್ನು ಬರೆಯುತ್ತಿದ್ದೇನೆ. ಸದ್ಯಕ್ಕೆ ಈ ಮನೆಯಲ್ಲಿ ಹಿತವಾಗಿರುವುದು ನನ್ನ ಗಂಡನಿಗೆ ಮಾತ್ರ.