ಮಕ್ಕಳ ಬಾಯಿಗೆ ಎಂಜಲಿಲ್ಲವಂತೆ!

ಓದುಗ ಬಂಧುಗಳಿಗೆ ನಮಸ್ಕಾರ. ಈ ವಾರ ಅಕ್ಷರ ತಪ್ಪುಗಳು ಸ್ವಲ್ಪ ಜಾಸ್ತಿ ಕಂಡರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಟೈಪ್‌ರೈಟರಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುವವನು ನಾನು. ಮಗಳು ವೀಣಾ ತೊಡೆಯ ಮೇಲೆ ಕೂತು ತಾನೂ ಒತ್ತುತ್ತಿದ್ದಾಳೆ. ಒತ್ತಲಿ ಬಿಡಿ. ಹೋದ ವಾರ ಅವಳಿಗೆ ಕೂರುವ ಶಕ್ತಿಯೇ ಇರಲಿಲ್ಲ.

ಎರಡು ವರ್ಷ ದಾಟಿದ ಮಗು. ಜ್ವರ ಬಂತು, ಊಟ ಬಿಟ್ಟಳು. ಮಕ್ಕಳು ಊಟ ಬಿಡುವುದೇನು ಹೊಸತೇ? ನಾವು ಹೆದರಲಿಲ್ಲ. ಆಮೇಲೆ ನೀರನ್ನೂ ಬಿಟ್ಟಳು. ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು. ಲೋಟ ಕಂಡರೆ ಸಾಕು, ನಮ್ಮ ಕಾಪುವಿನ ಪೇಟೆಗೆ ಕೇಳುವ ಹಾಗೆ ಕಿರುಚಾಟ.

ತುಟಿಯ ಒಳಗೆ ಹುಣ್ಣಿನ ಚುಕ್ಕಿಗಳು ಕಂಡದ್ದೇ ತಡ, ನಮ್ಮ ಮನೆಯಲ್ಲಿ ಡಾಕ್ಟರುಗಳು ಹುಟ್ಟಿಕೊಂಡರು. (ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.)

"ಇದು ಉಷ್ಣ. ಬೇರೆ ಎಂತದ್ದೂ ಅಲ್ಲ," ಎಂದರು ನನ್ನ ಅಮ್ಮ. ಉಷ್ಣಕ್ಕೆ ನಮ್ಮಲ್ಲಿ ಮದ್ದು ಯಾವುದು? ಪುನರ್ಪುಳಿ (ಮುರುಗಲು) ಎಂಬ ಹುಳಿ ಹಣ್ಣಿನ ಶರಬತ್ತು.

"ದವಡೆ ಹಲ್ಲು ಬರ್ತಾ ಉಂಟು ಅತ್ತೆ," ಎಂದಳು ನನ್ನ ಹೆಂಡತಿ ಸುಮತಿ.

"ಹಲ್ಲು ಬಂದ್ರೆ ಇಷ್ಟು ಜ್ವರ ಬರ್ತದಾ? ನಿನ್ನ ಗಂಡನಿಗೆ ಎಲ್ಲಾ ಹಲ್ಲು ಬಂದದ್ದು ನನ್ನ ಕೈಯಲ್ಲೇ."

ಪಕ್ಕದ ಮನೆಯ ಸಿಸಿಲಿಬಾಯಿ, ತವರು ಶಂಕರಪುರದಿಂದ ತಂದ ಮಲ್ಲಿಗೆಯಲ್ಲಿ ಒಂದು ತುಂಡು ಮಾಲೆ ಅಮ್ಮನಿಗೆ ಕೊಡಲು ಬಂದವರು, ಮಗುವನ್ನು ಕಂಡು ತೀರ್ಪು ಕೊಟ್ಟರು: "ಹೊಟ್ಟೆಯಲ್ಲಿ ಹುಳ ಉಂಟು ಮಾರಾಯ್ರೆ. ಅದೇ ಬಾಯಿಗೆ ಬರುವುದು."

ನಾನು ಸುಮ್ಮನಿದ್ದೆನೇ? ಮೀಸೆ ಬಂದ ಮೇಲೆ ಮಕ್ಕಳ ಜೊತೆ ಕೂತು ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು. ವಿಜ್ಞಾನದ ಪಾಠ ಬೇರೆಯವರಿಗಿಂತ ಹೊಸದಾಗಿ ನೆನಪಿದೆ. "ವಿಟಮಿನ್ ಕೊರತೆ," ಎಂದೆ ಗಂಭೀರವಾಗಿ. ಯಾರೂ ತಿರುಗಿ ನೋಡಲಿಲ್ಲ.

ಅಮ್ಮನ ಪುನರ್ಪುಳಿಯೇ ಗೆದ್ದಿತು. ಚಮಚ ಬಾಯಿಗೆ ಹೋದದ್ದೇ ಮಗು ಬಿಲ್ಲಿನಂತೆ ಹಿಂದಕ್ಕೆ ಬಾಗಿ ಚೀರಿತು. "ಹಟ ನೋಡು, ಅಪ್ಪನದ್ದೇ," ಎಂದರು ಅಮ್ಮ. ಮಾರನೇ ದಿನ ವೀಣಾಳ ಕಣ್ಣು ಗುಳಿ ಬಿದ್ದಿತ್ತು. ಚಡ್ಡಿ ಬೆಳಿಗ್ಗೆಯಿಂದ ಒಣಗಿದ್ದು ಒಣಗಿದ ಹಾಗೆಯೇ ಇತ್ತು.

ಅಷ್ಟರಲ್ಲಿ ಕಾರ್ಕಳದಿಂದ ಸುಮತಿಯ ಅಣ್ಣ ಬಂದರು. ಮಗುವನ್ನು ನೋಡಿ ಚಪ್ಪಲಿಯನ್ನೂ ಬಿಚ್ಚಲಿಲ್ಲ. "ಎಂತ ಭಾವ, ನೋಡ್ತಾ ಕೂತದ್ದು? ಮಣಿಪಾಲ ಇರುವುದು ಎಂತಕ್ಕೆ?"

ಹೊರಟೆವು. ನಾನು, ಸುಮತಿ, ಮಗು. ಅಮ್ಮನನ್ನು ಯಾರೂ ಕರೆಯಲಿಲ್ಲ. ಬಸ್ಸು ಹತ್ತಿ ನೋಡಿದರೆ ಅವರು ಆಗಲೇ ಮುಂದಿನ ಸೀಟಿನಲ್ಲಿ!

ಮಣಿಪಾಲದಲ್ಲಿ ಮಕ್ಕಳ ಡಾಕ್ಟರಮ್ಮ ವೀಣಾಳ ಬಾಯಿಯನ್ನು ಕೂಡಲೇ ತೆರೆಸಲಿಲ್ಲ. ಮೊದಲು ಅಂಗೈ ನೋಡಿದರು, ಅಂಗಾಲು ನೋಡಿದರು. "ಇಲ್ಲಿ ಗುಳ್ಳೆ ಇಲ್ಲ," ಎಂದರು. ಇದ್ದಿದ್ದರೆ ಅದು ಬೇರೆ ಸೋಂಕಂತೆ. ಆಮೇಲೆ ಟಾರ್ಚು ಹಿಡಿದು ಬಾಯಿ ತೆರೆಸಿದರು. ನಾಲಿಗೆ, ಕೆನ್ನೆಯ ಒಳಬದಿ, ವಸಡು. ವಸಡು ಕೆಂಪಗೆ ಊದಿಕೊಂಡಿತ್ತು, ಮುಟ್ಟಿದರೆ ರಕ್ತ. ಹಾಲಿನ ಕೆನೆಯಂಥ ಬಿಳಿ ಪೊರೆ ಇದ್ದಿದ್ದರೆ ಅದು ಮತ್ತೊಂದು ಜಾತಿಯ ಸೋಂಕಂತೆ, ಹೆಚ್ಚಾಗಿ ಎಳೆ ಶಿಶುಗಳಿಗೆ. ಇದು ಅದೂ ಅಲ್ಲ.

ಟಾರ್ಚು ಆರಿಸಿ ಅವರು ಮಗುವನ್ನು ಬಿಟ್ಟು ನಮ್ಮನ್ನು ನೋಡತೊಡಗಿದರು. ನನ್ನ ಮುಖ. ಸುಮತಿಯ ಮುಖ. ಅಮ್ಮನ ಮುಖ. ಅಲ್ಲಿ ಅವರ ಕಣ್ಣು ನಿಂತಿತು.

"ಅಜ್ಜಿ, ನಿಮ್ಮ ತುಟಿಯಲ್ಲಿ ಅದೆಂತ ಒಣಗಿದ್ದು?"

"ಇದಾ? ಹೋದ ವಾರ ಒಂದು ಗುಳ್ಳೆ ಎದ್ದಿತ್ತು. ಬಿಸಿಲಿಗೆ ಹೋದ್ರೆ ನನಗೆ ಯಾವಾಗ್ಲೂ ಏಳ್ತದೆ."

"ಅದರಿಂದಲೇ ಮಗುವಿಗೆ ಬಂದಿರಬೇಕು. ಒಂದು ವೈರಸ್. ದೊಡ್ಡವರಿಗೆ ತುಟಿಯಲ್ಲಿ ಒಂದು ಗುಳ್ಳೆ. ಮಕ್ಕಳಿಗೆ ಮೊದಲ ಸಲ ಬಂದಾಗ ಬಾಯಿ ತುಂಬಾ ಹುಣ್ಣು."

ಅಮ್ಮ ಸೆಟೆದು ಕೂತರು. ನಮ್ಮ ಮನೆಯಲ್ಲಿ ಎಂಜಲಿನ ಕಾನೂನು ಬರೆದವರೇ ಅವರು. ಲೋಟಕ್ಕೆ ತುಟಿ ತಾಗಿಸುವ ಹಾಗಿಲ್ಲ, ಎತ್ತಿ ಕುಡಿಯಬೇಕು. ಊಟದ ಮಧ್ಯೆ ಎಡಗೈ ಎಲ್ಲಿತ್ತು ಎಂದು ಈಗಲೂ ನನ್ನನ್ನು ಕೇಳುತ್ತಾರೆ.

"ನನ್ನ ಎಂಜಲು ಇಷ್ಟು ವರ್ಷದಲ್ಲಿ ಯಾರಿಗೂ ತಾಗಿದ್ದಿಲ್ಲ ಡಾಕ್ಟರಮ್ಮ!"

"ಮಗುವಿಗೆ ಗಂಜಿ ಹೇಗೆ ಕುಡಿಸ್ತೀರಿ ಅಜ್ಜಿ?"

"ಹೇಗೆ ಅಂದ್ರೆ? ಹಲಸಿನ ಎಲೆ ಮಡಚಿ ಕಡ್ಡಿ ಚುಚ್ಚಿದ್ರೆ ಚಮಚ ಆಯ್ತಲ್ಲ. ನನ್ನ ಬಟ್ಟಲಿನಿಂದಲೇ ಕೊಡುವುದು. ಮೊದಲು ನನ್ನ ತುಟಿಗೆ ಇಟ್ಟು ಬಿಸಿ ಉಂಟಾ ಅಂತ ನೋಡಿ…"

ಅಮ್ಮ ಕೈಯಿಂದ ತುಟಿ ಮುಚ್ಚಿಕೊಂಡರು. ಸುಮತಿ ನನ್ನನ್ನು ನೋಡಿದಳು. ನಾನು ಫ್ಯಾನು ನೋಡಿದೆ.

"ಮಕ್ಕಳಿಗೆ ಎಂತ ಎಂಜಲು?" ಎಂದರು ಅಮ್ಮ, ಈ ಸಲ ಬಹಳ ಸಣ್ಣ ದನಿಯಲ್ಲಿ.

ಡಾಕ್ಟರಮ್ಮ ಬೈಯಲಿಲ್ಲ. ಇದು ಎಲ್ಲ ಮನೆಯಲ್ಲೂ ಆಗುವುದೇ, ಹುಣ್ಣು ತಾನಾಗಿಯೇ ಒಣಗುತ್ತದೆ ಎಂದು ಜ್ವರಕ್ಕೆ ಮದ್ದು ಬರೆದರು. ಹುಳಿ ಮಾತ್ರ ಬೇಡವೇ ಬೇಡ, ಹುಣ್ಣಿನ ಮೇಲೆ ಉರಿಯುತ್ತದೆ ಎಂದರು. (ಪುನರ್ಪುಳಿ! ಮಗುವಿನದ್ದು ಹಟ ಎಂದುಕೊಂಡಿದ್ದೆವು ನಾವು.) ಕೊನೆಗೆ ಗಂಭೀರವಾದರು: "ಈಗ ಮುಖ್ಯ ಹುಣ್ಣಲ್ಲ, ನೀರು. ತಣ್ಣಗಿನದ್ದು ಏನಾದ್ರೂ ಕುಡೀಲಿ. ಸಂಜೆಯೊಳಗೆ ಮೂತ್ರ ಆಗದಿದ್ರೆ ವಾಪಸ್ ಕರ್ಕೊಂಡು ಬನ್ನಿ, ಡ್ರಿಪ್ ಹಾಕ್ಬೇಕಾಗ್ತದೆ. ಐಸ್ ಕ್ಯಾಂಡಿಯಾದ್ರೂ ಸರಿ."

"ಜ್ವರದ ಮಗುವಿಗೆ ಐಸ್ ಕ್ಯಾಂಡಿಯಾ!" ಹೊರಗೆ ಬಂದು ಅಮ್ಮ ಹಣೆ ಚಚ್ಚಿಕೊಂಡರು. "ಇವರು ಎಂತ ಓದಿದ್ದು ಮಾರಾಯ?"

ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಹಾಲಿನ ಕ್ಯಾಂಡಿ ಕೊಂಡೆ. ಸುಮತಿ ಕೊಟ್ಟಳು, ವೀಣಾ ಬಾಯಿ ಬಿಗಿದಳು. ನಾನು ಕೊಟ್ಟೆ, ಕೈ ತಳ್ಳಿದಳು. ಆ ಪುಟ್ಟ ಕೈಯಲ್ಲಿ ಸೂಜಿ ಚುಚ್ಚಿ ಬಾಟಲಿ ತೂಗು ಹಾಕಿದ ಚಿತ್ರ ಕಣ್ಣ ಮುಂದೆ ಬಂತು. ಕ್ಯಾಂಡಿ ಕರಗಿ ನನ್ನ ಮೊಣಕೈವರೆಗೆ ಇಳಿಯಿತು.

ಅಮ್ಮ ಎಲ್ಲಿ? ಮೂರು ಬೆಂಚು ಆಚೆ, ಗೋಡೆಗೆ ಮುಖ ಮಾಡಿ ಕೂತಿದ್ದರು.

"ಅಜ್ಜಿ," ಎಂದಳು ವೀಣಾ.

"ನನ್ನ ಹತ್ತಿರ ಬೇಡ ಮಗಾ. ನನ್ನ ತುಟಿಯಲ್ಲಿ ಉಂಟಂತೆ."

"ಅಜ್ಜೀ…" ಈ ಸಲ ಅಳು.

ಆಗ ಸುಮತಿ ಎದ್ದಳು. ಇನ್ನೊಂದು ಕ್ಯಾಂಡಿ ಕೊಂಡು ಅತ್ತೆಯ ಕೈಗೆ ಕೊಟ್ಟಳು. "ನೀವೇ ಕೊಡಿ ಅತ್ತೆ. ನೀವು ಕೊಟ್ರೆ ತಿನ್ನುವುದು ಅವಳು."

ನಮ್ಮ ಮನೆಯಲ್ಲಿ ಆ ಮಾತು ಬರಲು ಒಂದು ವೈರಸ್ ಬೇಕಾಯಿತು ನೋಡಿ!

ಅಮ್ಮ ಸೆರಗನ್ನು ಮೂಗಿನವರೆಗೆ ಸುತ್ತಿ, ಕೈಯನ್ನು ಉದ್ದಕ್ಕೆ ಚಾಚಿ, ದೂರದಿಂದ ಕ್ಯಾಂಡಿ ಹಿಡಿದರು. ವೀಣಾ ಒಮ್ಮೆ ನೆಕ್ಕಿದಳು. ಮುಖ ಹಿಂಡಿದಳು. ಮತ್ತೊಮ್ಮೆ ನೆಕ್ಕಿದಳು. ಆಮೇಲೆ ಕಡ್ಡಿಯನ್ನೇ ಕಸಿದುಕೊಂಡಳು. ಮತ್ತೊಂದೂ ಬೇಕಾಯಿತು. ಮೇಲೆ ಎಳನೀರೂ ಇಳಿಯಿತು.

ಕಾಪು ಬಸ್ಸಿನಲ್ಲಿ ಅಜ್ಜಿಯ ತೊಡೆಯೇ ಬೇಕು ಎಂದಳು. ದಾರಿಯಲ್ಲಿ ಒಮ್ಮೆಲೇ ಅಮ್ಮ, "ಅಯ್ಯೋ ದೇವರೇ!" ಎಂದು ಕೂಗಿದರು. ಮದುವೆಗೆ ಮಾತ್ರ ಉಡುವ ಸೀರೆ ಪೂರ್ತಿ ಒದ್ದೆ.

ಸುಮತಿ ಚಪ್ಪಾಳೆ ತಟ್ಟಿದಳು. ನಾನು ಸೀಟಿನಿಂದ ಎದ್ದೇ ಬಿಟ್ಟೆ. ಅಮ್ಮ ಸೆರಗಿನ ಒಳಗೇ ನಗುತ್ತಾ, "ಹೊಯ್ಯಿ ಮಗಾ, ಇನ್ನೂ ಹೊಯ್ಯಿ," ಎಂದರು.

ಕಂಡಕ್ಟರ್ ತಬ್ಬಿಬ್ಬು. "ಎಂತ ಅಜ್ಜಿ, ಬಸ್ಸಿನಲ್ಲಿ ಉಚ್ಚೆ ಹೊಯ್ದದ್ದಕ್ಕೆ ಇಷ್ಟು ಖುಷಿಯಾ?"

"ನಿನಗೆ ಗೊತ್ತಾಗ್ಲಿಕ್ಕಿಲ್ಲ. ಟಿಕೆಟ್ ಕೊಡು ನೀನು."

ವಾರ ಕಳೆಯುವಾಗ ಹುಣ್ಣು ಒಣಗಿ ಹೋಗಿತ್ತು. ಈಗ ವೀಣಾಳಿಗೆ ಬೇರೆ ಬಟ್ಟಲು, ಬೇರೆ ಎಲೆ. ಗಂಜಿಯ ಬಿಸಿಯನ್ನು ಅಮ್ಮ ಮುಂಗೈಗೆ ಬಿಟ್ಟು ನೋಡುತ್ತಾರೆ.

ನಿಮ್ಮ ಮನೆಯಲ್ಲೂ ಇಂಥದ್ದು ನಡೆದಿರಬಹುದು, ಅಲ್ವಾ? ನಾಚಿಕೆ ಬೇಡ, ಒಂದು ಕಾರ್ಡು ಬರೆಯಿರಿ. ಮಗುವಿನ ಬಾಯಿಹುಣ್ಣಿಗೆ ಕಾರಣ ಹೇಳಿದವರು ಎಷ್ಟು ಜನ ಎಂಬುದು ಬೇಡ. ಬಾಯಿ ತೆರೆಸಿ ಒಳಗೆ ನೋಡಿದವರು ಯಾರಾದರೂ ಇದ್ದರೇ?