ಶಾಲೆಯ ತಟ್ಟಿಯಲ್ಲೊಂದು ತೂತು

ಆ ದಿನ ಉಡುಪಿಯ ಮನೆಯಲ್ಲಿ ದೊಡ್ಡಮ್ಮ ಶುಚಿ ಮಾಡುತ್ತಿದ್ದ ಮೀನು ಬಂಗುಡೆಯೋ ಬೂತಾಯಿಯೋ, ನನಗೀಗ ಖಚಿತವಿಲ್ಲ. ಬೇರೆ ವಿವರಗಳೂ ಹಿಂದುಮುಂದಾಗಿರಬಹುದು. ಒಂದನ್ನು ಮಾತ್ರ ಅಂದೇ ಬರೆದಿಟ್ಟುಕೊಂಡೆ: ತೂತಿನ ವಿಷಯ ಅವರು ಹೇಳಿದ್ದು ಮೊದಲು, ನಾನು ಅದನ್ನು ಕಂಡದ್ದು ಆಮೇಲೆ.

ಮಣಿಪಾಲದಲ್ಲಿ ನಡೆಯಲಿದ್ದ ಹಳೆಯ ಕಪ್ಪು ಬಿಳುಪು ಚಿತ್ರಗಳ ಪ್ರದರ್ಶನಕ್ಕೆ ಕಟ್ಟಡಗಳನ್ನು ಗುರುತಿಸಿ ಅಡಿಬರಹ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ಚಿತ್ರ ಬಹಳ ಸತಾಯಿಸಿತು. ಹಂಚಿನ ಮಾಡು, ಪಕ್ಕದಲ್ಲೊಂದು ಬಾವಿ, ಜಗಲಿಯ ಉದ್ದಕ್ಕೂ ಮಡಲಿನ ತಟ್ಟಿ. ಮಳೆಯ ಎರಚಲು ತಡೆಯಲು ತೆಂಗಿನ ಗರಿ ಹೆಣೆದು ಕಟ್ಟಿದ ಆ ತಟ್ಟಿ ಕಟ್ಟಡದ ಮುಖವನ್ನೇ ಮುಚ್ಚಿತ್ತು. ಕಂಬ, ಕಮಾನು ನೋಡಿ ಗುರುತಿಸಲು ಕಲಿತವಳು ನಾನು. ಇಲ್ಲಿ ಎರಡೂ ಕಾಣುವುದಿಲ್ಲ. ಚಿತ್ರದ ಹಿಂಬದಿಯಲ್ಲಿ ಕಾರ್ಕಳದ ಸ್ಟುಡಿಯೋ ಒಂದರ ಮುದ್ರೆಯಿತ್ತು. 'ಕಾರ್ಕಳದ ಒಂದು ಕಟ್ಟಡ' ಎಂದು ಬರೆದು ಮುಗಿಸಿದ್ದೆ.

ಆ ದಿನ ಸುಮ್ಮನೆ, ಕಾರ್ಕಳದ್ದೆಂದು ಹೇಳಿ, ನನ್ನ ಫೋನಿನಲ್ಲಿ ಅದನ್ನು ದೊಡ್ಡಮ್ಮನಿಗೆ ತೋರಿಸಿದೆ.

"ಎಂತ ಕಾರ್ಕಳ ಮಾರಾಯ್ತಿ! ಇದು ಕಾಪುವಿನ ನಮ್ಮ ಶಾಲೆ!"

"ಸ್ಟುಡಿಯೋ ಕಾರ್ಕಳದ್ದು ಉಂಟಲ್ಲ?"

"ಫೋಟೋ ತೆಗೆಯುವವನಿಗೆ ಬಸ್ಸು ಹತ್ತಲಿಕ್ಕೆ ಬರುದಿಲ್ವಾ?"

ನಗು ಬಂದರೂ ನಂಬಲು ಹೆದರಿದೆ. ಆ ಶಾಲೆಯನ್ನು ಕೆಡವಿ ಎಷ್ಟೋ ಕಾಲವಾಗಿದೆ. ಅದರ ಒಂದಾದರೂ ಚಿತ್ರ ಸಿಕ್ಕೀತೇ ಎಂದು ದೊಡ್ಡಮ್ಮ ಕಂಡವರನ್ನೆಲ್ಲ ಕೇಳುತ್ತಲೇ ಬಂದಿದ್ದರು. ಈಗ ಗುರುತು ಹಿಡಿದದ್ದು ಕಣ್ಣೋ, ಆಸೆಯೋ?

"ತಟ್ಟಿ ಕಟ್ಟಿದ ಮೇಲೆ ಎಲ್ಲ ಕಟ್ಟಡವೂ ಒಂದೇ ಥರ ಅಲ್ವಾ?" ಎಂದೆ.

"ನಮ್ಮದು ಅಲ್ಲ. ಬಾವಿಯ ಬದಿಯ ಕೊನೆಯ ತಟ್ಟಿಯಲ್ಲಿ ತೂತು ಉಂಟು ನೋಡು. ಸಮುದ್ರ ನೋಡ್ಲಿಕ್ಕೆ. ಮೇಷ್ಟ್ರು ಇವತ್ತು ಮುಚ್ಚಿಸಿದ್ರೆ ನಾಳೆ ಪುನಃ ತೂತು!"

ಚಿತ್ರವನ್ನು ಹಿಗ್ಗಿಸಿದೆ. ಬಾವಿಯ ಬದಿಯಲ್ಲಿ, ಮಗುವಿನ ಕಣ್ಣಿನ ಎತ್ತರಕ್ಕೆ, ಗರಿಗಳನ್ನು ಸರಿಸಿ ಮಾಡಿದ ದುಂಡನೆಯ ಕಪ್ಪು. ನಾನು ಕಿರುಚಿದೆನಂತೆ. ದೊಡ್ಡಮ್ಮ ಮೀನಿನ ಕೈಯಲ್ಲೇ ಫೋನು ಕಸಿದುಕೊಂಡರು. "ನಾನು ಹೇಳ್ಲಿಲ್ವಾ, ಹೇಳ್ಲಿಲ್ವಾ?" ಎಂದು ಅಡುಗೆಮನೆಯಲ್ಲೇ ಒಂದು ಸುತ್ತು ತಿರುಗಿದರು. ಫೋನು ಎರಡು ದಿನ ನಾರುತ್ತಿತ್ತು.

ಅಡಿಬರಹ ಬದಲಾಯಿತು. ಪ್ರದರ್ಶನದ ದಿನ ದೊಡ್ಡಮ್ಮ ರೇಷ್ಮೆ ಸೀರೆಯುಟ್ಟು ಬಂದು ಆ ಚಿತ್ರದ ಪಕ್ಕದಿಂದ ಕದಲಲೇ ಇಲ್ಲ. ಹೋಗಿ ಬರುವವರನ್ನೆಲ್ಲ ತಡೆದು ತೂತು ತೋರಿಸಿದರು. ಕನ್ನಡ ಬಾರದ ವಿದ್ಯಾರ್ಥಿಗಳೂ ಬಗ್ಗಿ ಇಣುಕಿ ನಕ್ಕರು. ನಾನೂ ಬಗ್ಗಿ, ದೊಡ್ಡಮ್ಮನ ಕಿವಿಯಲ್ಲಿ ಒಂದು ಪ್ರಶ್ನೆ ಕೇಳಿದೆ. ಸೆರಗು ಸರಿಮಾಡಿಕೊಂಡರು, ಅಷ್ಟೇ. ನಿನ್ನೆ ಫೋನಿನಲ್ಲಿ ಮತ್ತೆ ಕೇಳಿದರೆ, "ಮಣಿಪಾಲದಲ್ಲಿ ಮಳೆ ಉಂಟಾ?" ಎಂದರು.

ನಾನು ಕೇಳಿದ್ದು ಇಷ್ಟೇ: "ಪ್ರತಿ ಸಲ ಆ ತೂತು ಮಾಡ್ತಾ ಇದ್ದದ್ದು ಯಾರು ದೊಡ್ಡಮ್ಮ?"