ಪಾತಾಳಕ್ಕೆ ಹೋದವಳನ್ನು ಯಾರೂ ಕೇಳಲಿಲ್ಲ

“ಪಾತಾಳದ ದೊರೆ ಹೇಡಿಸನು ರಥವೇರಿ ನೆಲ ಸೀಳಿಕೊಂಡು ಬಂದು, ಹೂ ಕೊಯ್ಯುತ್ತಿದ್ದ ಪರ್ಸಿಫೋನಿಯನ್ನು ಎತ್ತಿಕೊಂಡು ಹೋದನು. ತಾಯಿ, ಪೈರಿನ ದೇವತೆ ಡಿಮೀಟರ್, ದುಃಖದಲ್ಲಿ ಬೆಳೆಯನ್ನೇ ನಿಲ್ಲಿಸಿದಳು. ದೇವತೆಗಳು ನಡುವೆ ಬಿದ್ದು, ಮಗಳು ವರ್ಷದ ಒಂದು ಪಾಲು ಪಾತಾಳದಲ್ಲೂ ಉಳಿದ ಪಾಲು ತಾಯಿಯ ಬಳಿಯೂ ಇರತಕ್ಕದ್ದೆಂದು ತೀರ್ಮಾನಿಸಿದರು. ಅವಳು ಕೆಳಗಿರುವಾಗ ಭೂಮಿಗೆ ಚಳಿಗಾಲ.” ಗ್ರೀಕರ ಈ ಕಥೆಯನ್ನು ಎಲ್ಲರೂ ಹೇಳುವುದು ಹೀಗೆ. ನಾನು ಒಪ್ಪುವುದಿಲ್ಲ.

ಒಪ್ಪದಿರಲು ನೀನು ಯಾರು ಎಂದು ನೀವು ಕೇಳಬಹುದು. ದಾಂಡೇಲಿಯ ಒಂದು ಕಾಗದದ ಕಾರ್ಖಾನೆಯ ರದ್ದಿ ಗೋದಾಮಿನಲ್ಲಿ ಆಯುಷ್ಯದ ಬಹುಭಾಗ ಕಳೆದವನು ನಾನು. ಅರೆಯಲು ಬಂದ ಗಂಟುಗಳಿಂದ ಪುಸ್ತಕಗಳನ್ನು ಎಳೆದು ತೆಗೆದು ಓದಿದವನು. ಅವುಗಳಿಗೆ ರಟ್ಟು ಇರುತ್ತಿರಲಿಲ್ಲವಾದ್ದರಿಂದ ಬರೆದವರು ಯಾರೆಂದು ತಿಳಿಯುತ್ತಿರಲಿಲ್ಲ. ದೊಡ್ಡ ಹೆಸರಿಗೆ ಅಂಜುವ ಅಭ್ಯಾಸ ನನಗೆ ಆಗದೇ ಹೋದದ್ದು ಹೀಗೆ. ಎಷ್ಟೋ ಪುಸ್ತಕಗಳಿಗೆ ಕೊನೆಯ ಹಾಳೆಗಳೂ ಇರುತ್ತಿರಲಿಲ್ಲ. ತೀರ್ಮಾನವನ್ನು ನಾನೇ ಮಾಡಿಕೊಳ್ಳಬೇಕಾಗುತ್ತಿತ್ತು. ಆ ಚಟ ನಿವೃತ್ತಿಯ ನಂತರವೂ ಬಿಟ್ಟಿಲ್ಲ.

ಮೊದಲನೆಯದಾಗಿ, ಆ ಚಳಿಗಾಲದ ಮಾತು. ಗ್ರೀಸಿನಲ್ಲಿ ಮಳೆ ಬೀಳುವುದೇ ಚಳಿಗಾಲದಲ್ಲಿ. ಹೊಲ ಹಸಿರಾಗಿರುವುದೂ ಆಗಲೇ. ನೆಲ ಬರಿದಾಗುವುದು ಸುಗ್ಗಿ ಮುಗಿದ ಬೇಸಿಗೆಯಲ್ಲಿ. ಹಾಗಿದ್ದರೆ ಬೇಸಿಗೆಯಲ್ಲಿ ಡಿಮೀಟರಳ ಮಗಳು, ಅಂದರೆ ಕಾಳು, ಎಲ್ಲಿರುತ್ತದೆ? ಹಳಿಯಾಳದಿಂದ ಧಾರವಾಡದ ಕಡೆ ಸರಿದಂತೆ ಹಿರಿಯರನ್ನು ಯಾರನ್ನು ಕೇಳಿದರೂ ಹೇಳುತ್ತಾರೆ: ಹಗೇವಿನಲ್ಲಿ. ಅಂಗಳದಲ್ಲಿ ಆಳವಾಗಿ ತೋಡಿದ ಗುಂಡಿಯಲ್ಲಿ ಜೋಳ ತುಂಬಿ ಬಾಯಿ ಮುಚ್ಚಿ, ಬೇಕಾದಾಗ ತೆಗೆಯುತ್ತಿದ್ದರು. ಗ್ರೀಕರೂ ಬೀಜವನ್ನು ನೆಲದಡಿ ಕಾಪಾಡುತ್ತಿದ್ದರೆಂದು ಬಲ್ಲವರು ಬರೆದಿದ್ದಾರೆ. ಅಲ್ಲಿಗೆ ಪಾತಾಳವೆಂದರೆ ಸೆರೆಮನೆಯಲ್ಲ, ಬಿತ್ತನೆಯ ಕಾಳಿನ ಉಗ್ರಾಣ. ಹೇಡಿಸನ ಇನ್ನೊಂದು ಹೆಸರಿಗೆ ‘ಸಿರಿವಂತ’ ಎಂದೇ ಅರ್ಥ.

ಇನ್ನು ಹೇಡಿಸನ ನಡತೆ. ಆಕಾಶವನ್ನಾಳಿದ ಅವನ ತಮ್ಮ, ಪರ್ಸಿಫೋನಿಯ ತಂದೆ ಸ್ಯೂಸನ ಸಂಸಾರದ ಸಂಗತಿಗಳನ್ನು ಮೊಮ್ಮಕ್ಕಳ ಎದುರು ಓದಲಾಗುವುದಿಲ್ಲ. ಹೇಡಿಸನಾದರೋ ತನ್ನ ಪಾಲಿಗೆ ಬಂದ ಕತ್ತಲೆಯನ್ನು ಗೊಣಗದೆ ನಡೆಸಿಕೊಂಡು ಹೋದ ಮನುಷ್ಯ, ಮನುಷ್ಯನಲ್ಲ, ದೇವರು, ಆದರೂ ರಾತ್ರಿ ಪಾಳಿಯ ನಮ್ಮಂಥವರಿಗೆ ಅವನ ಮೇಲೆ ಸ್ವಲ್ಪ ಸಲಿಗೆ. ಪಾತಾಳದಲ್ಲಿ ತಿಂದವರು ಅಲ್ಲಿಗೇ ಸೇರಿದವರಂತೆ; ಅವನು ದಾಳಿಂಬೆಯ ಕಾಳು ತಿನ್ನಿಸಿ ಹುಡುಗಿಯನ್ನು ವಂಚಿಸಿದನಂತೆ. ಎಷ್ಟು ಕಾಳು? ಒಬ್ಬರು ಒಂದು ಎನ್ನುತ್ತಾರೆ, ಇನ್ನೊಬ್ಬರು ಏಳು. ಲೆಕ್ಕ ಹೊಂದದ ಸಾಕ್ಷಿಗಳನ್ನು ನಾನೇಕೆ ನಂಬಲಿ? ನಮ್ಮ ಮದುವೆಗಳಲ್ಲಿ ಗಂಡು ಹೆಣ್ಣು ಒಂದೇ ತಾಟಿನಲ್ಲಿ ಭೂಮದ ಊಟ ಮಾಡುತ್ತಾರೆ. ಅದನ್ನು ಯಾರೂ ವಂಚನೆಯೆಂದು ಬರೆದಿಟ್ಟಿಲ್ಲ.

ಇಷ್ಟು ದೂರದ ದೇವರ ಪರವಾಗಿ ಇಷ್ಟೊಂದು ವಕಾಲತ್ತು ಏಕೆಂದರೆ, ಇದೇ ಕಥೆಯನ್ನು ನನ್ನ ತಂಗಿಯ ಊರಾದ ತೇರಗಾಂವದವರು ಅವಳ ಮಗಳ ಬಗ್ಗೆ ಹೇಳುತ್ತಾರೆ. ತಂಗಿ ಪಾರವ್ವ ಗಂಡ ತೀರಿದ ಮೇಲೆ ಒಬ್ಬಳೇ ಹೊಲ ನಡೆಸಿದವಳು. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಬಾವಿ ಬತ್ತಿದಾಗ, ಅದನ್ನು ಆಳ ಮಾಡಲು ಜೋಯಿಡಾ ಕಡೆಯ ಪುಂಡಲೀಕನೆಂಬ ಬಾವಿ ತೋಡುವವನನ್ನು ಕರೆಸಿದಳು. ಕೆಲಸ ಮುಗಿದ ತಿಂಗಳಲ್ಲೇ ಮಗಳು ಶೋಭಾ ಅವನೊಡನೆ ಹೊರಟುಹೋದಳು. ಬಾವಿ ತೋಡಲು ಬಂದವನು ಹುಡುಗಿಯನ್ನು ಎತ್ತಿಕೊಂಡು ಹೋದ ಎಂದು ಊರು ಮಾತಾಡಿತು. ಪಾರವ್ವನೂ ಅದನ್ನೇ ನಂಬಿದಳು. ನಮ್ಮ ಕಡೆ ನಾಗರಪಂಚಮಿಗೆ ಮಗಳನ್ನು ತವರಿಗೆ ಕರೆದು ಜೋಕಾಲಿ ಕಟ್ಟದ ತಾಯಿ ಇಲ್ಲ. ಪಾರವ್ವ ಎರಡು ಪಂಚಮಿ ಕರೆಯಲಿಲ್ಲ. ಜೋಕಾಲಿಯ ಹಗ್ಗ ಅಟ್ಟದಿಂದ ಇಳಿಯಲಿಲ್ಲ.

ಈ ವರ್ಷ ಶೋಭಾ ಬಸುರಿ. ಮೂರನೆಯ ಪಂಚಮಿಗೂ ಕರೆ ಬಾರದಿದ್ದರೆ ಇನ್ನು ಆ ಬಾಗಿಲಿಗೆ ಬರುವುದಿಲ್ಲ ಎಂದು ನನಗೆ ಹೇಳಿ ಕಳಿಸಿದ್ದಳು. ಹಬ್ಬಕ್ಕೆ ವಾರವಿರುವಾಗ ನಾನು ತೇರಗಾಂವಕ್ಕೆ ಹೋದೆ. ಪಾರವ್ವ ಶೇಂಗಾ ಹುರಿಯುತ್ತಿದ್ದಳು. ನೇರವಾಗಿ ಹೇಳುವ ಧೈರ್ಯವಿಲ್ಲದೆ, ಅಥೆನ್ಸಿನ ದಾರಿಯಿಂದ ಸುತ್ತಿ ಬಂದರೆ ಮನಸ್ಸು ಕರಗೀತೆಂದು, ಡಿಮೀಟರಳ ಕಥೆಯನ್ನು, ತಂದೆ ಸ್ಯೂಸನೇ ಒಪ್ಪಿಗೆ ಕೊಟ್ಟದ್ದನ್ನೂ ಸೇರಿಸಿ, ವಿಸ್ತಾರವಾಗಿ ಹೇಳಿದೆ. ಪಾಂಡಿತ್ಯವು ತಂಗಿಯರ ಎದುರು ನಡೆಯುವುದಿಲ್ಲ. ಅವಳು ಸಂಪೂರ್ಣವಾಗಿ ತಾಯಿಯ ಪಕ್ಷ ವಹಿಸಿದಳು.

“ಆಕಿ ಛಲೋ ಮಾಡಿದ್ಲು. ಬೆಳಿ ನಿಲ್ಲಿಸಿ ದೇವ್ರನ್ನೆಲ್ಲಾ ಅಂಗಳಕ್ಕ ತಂದ್ಲು. ನಾ ಬೆಳಿ ನಿಲ್ಲಿಸಿದ್ರ ಯಾರ್ ಬರ್ತಾರ? ನೀ ಒಬ್ಬಾಂವ ಬರ್ತಿ, ಚಾ ಕುಡ್ಯಾಕ.”

ಆಮೇಲೆ ಬಾಣಲೆಯಲ್ಲಿ ಕೈಯಾಡಿಸುತ್ತಲೇ ಒಂದು ಪ್ರಶ್ನೆ ಕೇಳಿದಳು.

“ಅಣ್ಣಾ, ಆ ಹುಡುಗಿ ಏನಂದ್ಲು?”

ಯಾವ ಹುಡುಗಿ ಎಂದೆ.

“ಕೆಳಗ ಹೋದಾಕಿ. ಅಪ್ಪ ಹೂಂ ಅಂದ, ಅವ್ವ ಅತ್ಲು, ಇಂವ ಎಳದ. ಆಕಿ ಏನಂದ್ಲು, ಅದನ್ನ ಬರದಾರಿಲ್ಲೋ?”

ನಾನು ಓದಿದ ಪುಸ್ತಕಗಳಲ್ಲಿ, ಎತ್ತಿಕೊಂಡು ಹೋದಾಗ ಹುಡುಗಿ ಕೂಗಿದಳು ಎಂದಿತ್ತು. ಮರಳಿ ಬಂದಾಗ ಕಾಳು ತಿಂದೆನೆಂದು ಒಪ್ಪಿಕೊಂಡಳು ಎಂದಿತ್ತು. ನಿನಗೆ ಎಲ್ಲಿರಲು ಇಷ್ಟ ಎಂದು ಒಬ್ಬ ದೇವರೂ ಅವಳನ್ನು ಕೇಳಿದ ದಾಖಲೆ ಇಲ್ಲ. ಹಾಗೆಂದು ಹೇಳಿದೆ. ಪಾರವ್ವ ಮತ್ತೆ ಶೇಂಗಾ ಮಗುಚತೊಡಗಿದಳು. ನನಗೆ ನಾಚಿಕೆಯಾಯಿತು. ಗ್ರೀಸಿನ ಹುಡುಗಿಯ ಮನಸ್ಸು ನನಗೆ ತಿಳಿಯದು ನಿಜ. ತೇರಗಾಂವದ ಹುಡುಗಿಯ ಮನಸ್ಸು ತಿಳಿದಿತ್ತು. ಜಗತ್ತಿನ ಎಲ್ಲ ಕಥೆಗಳನ್ನೂ ಸಂಶಯಿಸುವ ನಾನು, ನನ್ನ ಮನೆಯ ಕಥೆಯೊಂದು ಸುಳ್ಳೆಂದು ಗೊತ್ತಿದ್ದೂ, ತಂಗಿಯ ಸಿಟ್ಟಿಗೆ ಅಂಜಿ ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಅಂದು ಹೇಳಿದೆ. ಹಳೆಯ ಬಾವಿಗೆ ಇಳಿಯುವ ಮೊದಲು ಕಂದೀಲನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡುತ್ತಾರೆ. ದೀಪ ಆರಿದರೆ ಕೆಳಗಿನ ಗಾಳಿ ಕೆಟ್ಟಿದೆ, ಇಳಿಯಬಾರದು. ಹಗೇವಿಗೂ ಇದೇ ಪದ್ಧತಿ. ಪುಂಡಲೀಕನಿಗೆ ದಿನಾ ಬೆಳಿಗ್ಗೆ ಕಂದೀಲು ಇಳಿಬಿಡುತ್ತಿದ್ದವಳು ಶೋಭಾ. ಒಂದು ದಿನ ದೀಪ ಆರಿತು. ನಮಗೆ ಇದು ರೂಢಿ ಎಂದು ಅವನು ಇಳಿಯಲು ಹಗ್ಗ ಹಿಡಿದ. ಅವಳು ಆ ಹಗ್ಗವನ್ನು ಕಸಿದುಕೊಂಡು ಅದರ ಮೇಲೆ ಕುಳಿತಳು, ಮಧ್ಯಾಹ್ನದವರೆಗೆ ಏಳಲಿಲ್ಲ. ಅಂದು ಬಾವಿಯ ಕಟ್ಟೆಯ ಮೇಲೆ ನಾನಿದ್ದೆ. ಪಾತಾಳದವನು ಹುಡುಗಿಯನ್ನು ಕೆಳಗೆ ಒಯ್ದದ್ದು ಗ್ರೀಸಿನಲ್ಲಿ. ಇಲ್ಲಿ ಹುಡುಗಿಯೇ ಅವನನ್ನು ಕೆಳಗೆ ಹೋಗಗೊಡಲಿಲ್ಲ. ಮುಂದೆ ಅವನು ಒಬ್ಬನೇ ಊರಿಗೆ ಹೊರಟಾಗ, ಮದುವೆಯ ಮಾತು ಎತ್ತಿದವಳೂ ಅವಳೇ.

“ಮದುವಿ ಮಾತು ಆಕಿನ ಎತ್ತಿದ್ಲು ಅಂತ ನಿನಗ ಹೆಂಗ ಗೊತ್ತು?” ಎಂದಳು ಪಾರವ್ವ.

ನಾನು ಚೀಲದಿಂದ ಒಂದು ಕಾಗದ ತೆಗೆದುಕೊಟ್ಟೆ. ವಿವಾಹ ನೋಂದಣಿಯ ಪ್ರಮಾಣಪತ್ರದ ನಕಲು. ಪಾರವ್ವ ಓದಿದ್ದು ನಾಲ್ಕನೆಯ ಇಯತ್ತೆ. ಒಲೆ ಸಣ್ಣ ಮಾಡಿ, ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು, ಮಗಳ ಸಹಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ನಂತರ ಬೆರಳು ಕೆಳಗಿನ ಸಹಿಗೆ ಇಳಿಯಿತು.

“ಆಕಿ ಅಕ್ಷರ ನಡುಗಿಲ್ಲ,” ಎಂದಳು. “ನಿಂದ್ ನಡುಗೈತಿ.”

ಬೈಗುಳಕ್ಕೆ ಸಿದ್ಧನಾಗಿ ಕುಳಿತೆ. ಅದು ಬರಲಿಲ್ಲ. ಅವಳು ಕಾಗದವನ್ನು ಮಡಿಸಿ ದೇವರ ಜಗಲಿಯ ಮೇಲಿಟ್ಟು, ಅಟ್ಟದ ಮೇಲಿನ ಹಗ್ಗ ಇಳಿಸಲು ನನಗೆ ಹೇಳಿದಳು. “ನಾಳೆ ಜೋಯಿಡಾ ಬಸ್ಸಿಗೆ ಹೋಗು. ಇಬ್ಬರನೂ ಕರಕೊಂಡ ಬಾ. ಆಕಿನ್ನ ನಾನ ಕೇಳ್ತೇನಿ.”

ಊರಿನ ಕಥೆ ಇನ್ನೂ ಬದಲಾಗಿಲ್ಲ; ಅಂಥ ಕಥೆಗಳು ಬೇಗ ಸಾಯುವುದಿಲ್ಲ. ಸಂಶಯವುಳ್ಳವರು ನನ್ನನ್ನು ನಂಬಬೇಕಿಲ್ಲ. ಹಳಿಯಾಳದ ಉಪನೋಂದಣಾಧಿಕಾರಿಗಳ ಕಚೇರಿಗೆ ಅರ್ಜಿ ಕೊಟ್ಟು ಆ ಹಾಳೆಯ ನಕಲು ಪಡೆಯಲಿ. ವಧುವಿನ ಸಹಿ ಮೇಲೆ, ದುಂಡಗೆ, ತಡವರಿಸದೆ ಇದೆ. ಕೆಳಗೆ ಮೊದಲನೆಯ ಸಾಕ್ಷಿಯ ಜಾಗದಲ್ಲಿ, ಹೆಣ್ಣಿನ ಸೋದರಮಾವ ಎಂದು ಬರೆದ ಪಕ್ಕದಲ್ಲಿ, ಇರುವೆ ಮಸಿಯಲ್ಲಿ ಬಿದ್ದು ಎದ್ದು ಹೋದಂತಿರುವುದು ನನ್ನದು.